ಮೆಕ್ಕೆಜೋಳದ ದಿಂಡಿನ ಪೈಪು: ಅಗ್ಗದ ಎರಡು ಮಾಡೆಲ್‌ಗಳಲ್ಲಿ ದಿನದ ಬಳಕೆಗೆ ಯಾವುದು?

15 ಡಾಲರ್ ಆಸುಪಾಸಿನ ತಂಬಾಕು ಪೈಪುಗಳಲ್ಲಿ ಬಹುಪಾಲು ಕೊಂಡವನಿಗೆ ಪೈಪಿನ ಮೇಲೇ ಬೇಸರ ತರಿಸುವಂಥವು. ತಂಬಾಕು ತುಂಬುವ ಬಟ್ಟಲಿನ ಒಳಗೂ ವಾರ್ನಿಶ್ ಬಳಿದಿರುತ್ತಾರೆ. ಗಾಳಿದಾರಿ ಬಟ್ಟಲಿನ ತಳಕ್ಕೆ ಬರದೆ ನಡುವೆಯೇ ತೆರೆದುಕೊಂಡಿರುತ್ತದೆ. ಮರ ಯಾವುದೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಈ ಬೆಲೆಯಲ್ಲಿ ಧೈರ್ಯವಾಗಿ ಕೈಹಾಕಬಹುದಾದದ್ದು ಮೆಕ್ಕೆಜೋಳದ ದಿಂಡಿನ ಪೈಪು, ಅದರಲ್ಲೂ ಅಮೆರಿಕದ ಮಿಸೌರಿ ಮೀರ್‌ಶಾಮ್ ಕಂಪನಿಯದು. ಅವರ ಪಟ್ಟಿ ಉದ್ದವಾಗಿದೆ. ಇಲ್ಲಿ ನೋಡುತ್ತಿರುವುದು ಎರಡನ್ನು. ಅಗ್ಗದ ಸಾಲಿನ ಲೆಜೆಂಡ್ ಒಂದು, ಅದಕ್ಕಿಂತ ಐದಾರು ಡಾಲರ್ ಮೇಲಿರುವ ಕಂಟ್ರಿ ಜಂಟಲ್‌ಮನ್ ಇನ್ನೊಂದು. ದಿನಾ ಸೇದುವವರು ಆ ಐದಾರು ಡಾಲರ್ ಉಳಿಸಲು ಹೋಗದಿರುವುದೇ ಒಳ್ಳೆಯದು. ಯಾಕೆಂದು ಮುಂದೆ ನೋಡೋಣ.

ಅದಕ್ಕೂ ಮುಂಚೆ ಆರೋಗ್ಯದ ಮಾತು. ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ತಪ್ಪುವುದಿಲ್ಲ. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ, ಹಾಗಾಗಿ ಚಟವೂ ಹತ್ತುತ್ತದೆ. ಈಗಾಗಲೇ ಪೈಪು ಹಿಡಿದವರಿಗಷ್ಟೇ ಈ ಬರಹ. ಸೇದದವರು ಶುರು ಮಾಡಲು ಇಲ್ಲಿ ಯಾವ ಕಾರಣವೂ ಸಿಗದು. ಅಮೆರಿಕದಲ್ಲಿ 2019ರ ಡಿಸೆಂಬರ್‌ನಿಂದ ತಂಬಾಕು ಕೊಳ್ಳಲು 21 ತುಂಬಿರಬೇಕು. ಕರ್ನಾಟಕದಲ್ಲೂ 2025ರಲ್ಲಿ ತಿದ್ದುಪಡಿ ಜಾರಿಗೆ ಬಂದ ಮೇಲೆ ವಯಸ್ಸು 21; ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ.

ಕಂಪನಿ ಇರುವುದು ಮಿಸೌರಿ ರಾಜ್ಯದ ವಾಷಿಂಗ್ಟನ್‌ನಲ್ಲಿ. ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ದೂರ, ಮಿಸೌರಿ ನದಿಯ ದಂಡೆಯ ಸಣ್ಣ ಊರು ಅದು. ಹಾಲೆಂಡ್‌ನಿಂದ ವಲಸೆ ಬಂದಿದ್ದ ಹೆನ್ರಿ ಟಿಬ್ಬಿ ಎಂಬ ಮರಗೆಲಸದವನು 1869ರಲ್ಲಿ ಅಲ್ಲಿ ಮೆಕ್ಕೆಜೋಳದ ದಿಂಡನ್ನು ಲೇತಿಗೆ ಹಾಕಿ ಕಡೆದು ಪೈಪು ಮಾಡಿ ಮಾರತೊಡಗಿದ. ದಿಂಡಿನ ಹೊರಮೈಯ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ನುಣುಪು ಮಾಡುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ಸಿಕ್ಕಿತು. ಕಂಪನಿ ಇಂದಿನ ಹೆಸರು ಹೊತ್ತದ್ದು 1907ರಲ್ಲಿ. ಆ ಸುತ್ತಿನಲ್ಲಿ ಒಂದು ಕಾಲಕ್ಕೆ ಹತ್ತು ಹನ್ನೆರಡು ದಿಂಡಿನ ಪೈಪಿನ ಕಾರ್ಖಾನೆಗಳಿದ್ದವು. ಈಗ ಉಳಿದಿರುವುದು ಇದೊಂದೇ. ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾಧಿಪತಿ ಜನರಲ್ ಮೆಕಾರ್ಥರ್ 1945ರ ಆಗಸ್ಟ್ 30ರಂದು ಜಪಾನಿನ ಅತ್ಸುಗಿಯಲ್ಲಿ ವಿಮಾನದಿಂದ ಇಳಿಯುವ ಫೋಟೋದಲ್ಲಿ ಬಾಯಲ್ಲಿರುವ ಉದ್ದ ಬಟ್ಟಲಿನ ಪೈಪೂ ದಿಂಡಿನದೇ. ಆ ಮಾದರಿ ಈಗಲೂ ಮಾರಾಟಕ್ಕಿದೆ. ಗೋಡೆಗೆ ತೂಗುಹಾಕಲು ಚೆಂದ. ದಿನದ ಕೆಲಸಕ್ಕೆ ಬೇಡ. ಬಟ್ಟಲು ಎತ್ತರವಾದಷ್ಟೂ ತೂಕ ಮುಂದಕ್ಕೆ ವಾಲುತ್ತದೆ, ಕೆಳಗಿನ ಅರ್ಧದ ತಂಬಾಕು ಮುಗಿಯುವ ಮೊದಲೇ ಒದ್ದೆಯಾಗಿ ಕಹಿ ಬರುತ್ತದೆ.

ದಿಂಡಿನ ರಚನೆ ಗೊತ್ತಿದ್ದರೆ ಈ ಪೈಪಿನ ಗುಣ, ದೋಷ ಎರಡೂ ಅರ್ಥವಾಗುತ್ತವೆ. ನಟ್ಟ ನಡುವೆ ಬೆಂಡಿನಂಥ ಮೆತ್ತನೆಯ ತಿರುಳು. ಅದರ ಸುತ್ತ ಕಟ್ಟಿಗೆಯಷ್ಟು ಗಟ್ಟಿಯಾದ ಉಂಗುರ. ಹೊರಗೆ ಕಾಳು ಕೂತಿದ್ದ ಗುಳಿಗಳ ಸಡಿಲ ಪದರ. ಕೊರೆಯುವಾಗ ತಿರುಳು ಹೊರಹೋಗಿ ಗಟ್ಟಿ ಉಂಗುರ ಬಟ್ಟಲಿನ ಗೋಡೆಯಾಗುತ್ತದೆ. ದಿಂಡನ್ನು ಎರಡು ವರ್ಷದಷ್ಟು ಕಾಲ ಒಣಗಿಸಿದ ಮೇಲೆಯೇ ತುಂಡು ಮಾಡುವುದು; ಹಸಿ ದಿಂಡು ಬಿಸಿ ತಾಗಿದರೆ ಕುಗ್ಗಿ ಸೀಳುತ್ತದೆ. ದಾವಣಗೆರೆ, ಹಾವೇರಿ ಕಡೆ ರಾಶಿ ಬೀಳುವ ಮೆಕ್ಕೆಜೋಳದ ದಿಂಡಿನಲ್ಲಿ ಹೀಗೆ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಗದು. ಕಾಳಿಗಾಗಿ ಬೆಳೆಸುವ ಹೈಬ್ರಿಡ್‌ಗಳಲ್ಲಿ ಕಾಳು ಹೆಚ್ಚು, ದಿಂಡು ಸಣ್ಣ. 20 ಮಿ.ಮೀ. ತೂತು ಕೊರೆದರೆ ಗೋಡೆಯೇ ಉಳಿಯುವುದಿಲ್ಲ. ಪೈಪಿಗೆಂದು ಬೆಳೆಸುವುದು ದಪ್ಪ ದಿಂಡಿನ ಬೇರೆ ತಳಿ. ಅದನ್ನು ರೂಪಿಸಿಕೊಡುವಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಪಾಲಿದೆ.

ಈ ಗೋಡೆಯಲ್ಲಿ ಸಣ್ಣ ಸಣ್ಣ ರಂಧ್ರಗಳು ತುಂಬಿರುವುದರಿಂದ ತೇವ ಹೀರುತ್ತದೆ. ತಂಬಾಕು ಉರಿದಾಗ ಹೊಗೆಯ ಜೊತೆ ನೀರಾವಿ ಬರುತ್ತದೆ. ಬ್ರೈಯರ್ (ಒಂದು ಪೊದೆಗಿಡದ ಬೇರುಗಂಟಿನ ಗಟ್ಟಿ ಮರ) ಪೈಪಿನಲ್ಲಿ ಅದು ತಳದಲ್ಲಿ ನಿಂತು ಗೊರಗೊರ ಅನ್ನುತ್ತದೆ. ದಿಂಡು ಅದರ ಒಂದು ಪಾಲನ್ನು ತಾನೇ ಕುಡಿದುಬಿಡುವುದರಿಂದ ಹೊಗೆ ಒಣವಾಗಿರುತ್ತದೆ. ಬ್ರೈಯರ್‌ಗೆ ಒಂದು ಸಲ ಸೇದಿದ ಮೇಲೆ ಒಂದು ದಿನವಾದರೂ ವಿಶ್ರಾಂತಿ ಬೇಕು. ದಿಂಡಿನದನ್ನು ಬೆಳಿಗ್ಗೆ ಸೇದಿ ಸಂಜೆ ಮತ್ತೆ ತುಂಬಿದರೂ ಹುಳಿ ವಾಸನೆ ಬೇಗ ಏಳುವುದಿಲ್ಲ. ಹಳೆಯ ತಂಬಾಕಿನ ಘಾಟೂ ಬ್ರೈಯರ್‌ನಷ್ಟು ಅಂಟಿಕೊಳ್ಳದು. ಅಷ್ಟೇ ಮುಖ್ಯವಾದ ಇನ್ನೊಂದು ವಿಷಯ ತೂಕ: ಸುಮಾರು 30 ಗ್ರಾಂ. ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಕೆಲಸ ಮಾಡುವವರಿಗೆ ಇಷ್ಟು ಹಗುರವಾದದ್ದು ಬೇರೆ ಸಿಗುವುದು ಕಷ್ಟ.

ಈಗ ಎರಡು ಮಾಡೆಲ್‌ಗಳಿಗೆ ಬರೋಣ. ಲೆಜೆಂಡ್ ಬಟ್ಟಲು ಚಿಕ್ಕದು, ಅರ್ಧ ಗಂಟೆಯ ಆಸುಪಾಸಿನ ಸೇದಿಕೆ. ಅದರ ತಳ ದಿಂಡಿನ ತಳವೇ, ಬೇರೆ ಏನೂ ಕೂರಿಸಿಲ್ಲ. ಕಂಟ್ರಿ ಜಂಟಲ್‌ಮನ್‌ನಲ್ಲಿ ದಿಂಡನ್ನು ಆರಪಾರ ಕೊರೆದು ಕೆಳಗಿನಿಂದ ಗಟ್ಟಿ ಮರದ ಬಿರಡೆ ಬಡಿದಿರುತ್ತಾರೆ. ಬಟ್ಟಲಿನ ಬಾಯಿ ಸುಮಾರು 20 ಮಿ.ಮೀ., ಆಳ 38 ಮಿ.ಮೀ. ಆಸುಪಾಸು, ದಿಂಡು ಬೆಳೆದಂತೆ ಒಂದೊಂದರಲ್ಲೂ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. 2ರಿಂದ 3 ಗ್ರಾಂ ತಂಬಾಕು ಹಿಡಿಯುತ್ತದೆ, ಮುಕ್ಕಾಲು ಗಂಟೆ ಆರಾಮವಾಗಿ ಬರುತ್ತದೆ. ಮುಖ್ಯ ವ್ಯತ್ಯಾಸ ಗಾತ್ರದ್ದಲ್ಲ, ತಳದ್ದು. ಪೈಪು ಸುಟ್ಟು ತೂತು ಬೀಳುವುದು ಬಹುತೇಕ ತಳದಲ್ಲೇ, ಯಾಕೆಂದರೆ ಕೊನೆಯ ಕೆಂಡ ಕೂರುವುದು ಅಲ್ಲಿ. ಲೆಜೆಂಡ್‌ನ ತಳದಲ್ಲಿ ನಡುವೆ ಉಳಿದಿರುವುದು ಆ ಮೆತ್ತನೆಯ ತಿರುಳು. ಕೆಂಡ ಅದನ್ನು ನಿಧಾನವಾಗಿ ತಿನ್ನುತ್ತದೆ. ಮರದ ಬಿರಡೆಗೆ ಆ ಚಿಂತೆ ಕಡಿಮೆ. ದಿನಾ ಸೇದುವವರಿಗೆ ಐದಾರು ಡಾಲರ್ ಅಲ್ಲಿ ವಸೂಲಾಗುತ್ತದೆ. ಲೆಜೆಂಡ್ ಕೆಟ್ಟದ್ದೆಂದಲ್ಲ, ತೋಟಕ್ಕೆ, ಮೀನು ಹಿಡಿಯಲು, ಕಳೆದುಹೋದರೂ ಹೊಟ್ಟೆ ಉರಿಯದ ಕಡೆಗೆ ಒಯ್ಯಲು ಅದೇ ಸರಿ.

ಎರಡರಲ್ಲೂ ಇರುವ ಒಂದು ವಿಚಿತ್ರ ಮೊದಲ ಸಲ ನೋಡಿದವರನ್ನು ಗಾಬರಿಗೊಳಿಸುತ್ತದೆ. ಮರದ ಶ್ಯಾಂಕ್, ಅಂದರೆ ಬಟ್ಟಲಿಗೆ ಕೂರಿಸಿದ ಹೊಗೆಯ ಕೊಳವೆ, ಬಟ್ಟಲಿನ ಗೋಡೆಯನ್ನು ದಾಟಿ ಕೆಲವು ಮಿ.ಮೀ. ಒಳಗೆ ಚಾಚಿಕೊಂಡಿರುತ್ತದೆ. ತಯಾರಿಕೆಯ ದೋಷ ಅಲ್ಲ ಅದು. ಮೆತ್ತನೆಯ ಗೋಡೆಯಲ್ಲಿ ಶ್ಯಾಂಕ್ ಭದ್ರವಾಗಿ ಕೂರಲು ಹಾಗೆ ತೂರಿಸಿರುತ್ತಾರೆ. ಆದರೆ ಮೊದಲ ಕೆಲವು ಸಲ ಕೆಂಡ ಅಲ್ಲಿಗೆ ಇಳಿದಾಗ ಆ ತುದಿಯೂ ಉರಿಯುತ್ತದೆ, ಬಾಯಿಗೆ ಸುಟ್ಟ ಕಟ್ಟಿಗೆಯ ರುಚಿ ಬರುತ್ತದೆ. "ದಿಂಡಿನ ಪೈಪು ಸೇದಲಿಕ್ಕಾಗಲ್ಲ" ಎಂದು ಮೊದಲ ದಿನವೇ ಕೈಬಿಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪರಿಹಾರ ಎರಡು. ಸುಲಭದ್ದು: ಮೊದಲ ಆರೇಳು ಸಲ ಬಟ್ಟಲನ್ನು ಪೂರ್ತಿ ಸುಡಲು ಹೋಗದೆ ತಳದಲ್ಲಿ ಬೆರಳ ಉಗುರಿನ ಅಗಲದಷ್ಟು ದಪ್ಪ ತಂಬಾಕು ಉಳಿಸಿ ಸುರಿದುಬಿಡುವುದು. ಆ ತುದಿ ನಿಧಾನವಾಗಿ ಕರಿಕಟ್ಟಿ ಸುಮ್ಮನಾಗುತ್ತದೆ. ಇನ್ನೊಂದು, ಬೂದಿಯ ಮೆತ್ತಿಗೆ. ಚುಟ್ಟದ ಅಥವಾ ಪೈಪಿನ ನುಣುಪು ಬೂದಿಗೆ ಹನಿ ಹನಿ ನೀರು ಬೆರೆಸಿ ಗಟ್ಟಿ ಗೊಜ್ಜಿನ ಹದಕ್ಕೆ ತಂದು, ಶ್ಯಾಂಕಿನ ತುದಿಯ ಕೆಳಗೆ ಮತ್ತು ಸುತ್ತ ತಳ ಸಮನಾಗುವಂತೆ ತುಂಬುವುದು. ತುಂಬುವಾಗ ಗಾಳಿದಾರಿಯಲ್ಲಿ ಪೈಪ್ ಕ್ಲೀನರ್ (ಹತ್ತಿ ಸುತ್ತಿದ ತೆಳು ತಂತಿ) ತೂರಿಸಿಯೇ ಇಟ್ಟಿರಬೇಕು, ಇಲ್ಲವಾದರೆ ದಾರಿ ಮುಚ್ಚಿಹೋಗುತ್ತದೆ. ಎರಡು ದಿನ ನೆರಳಲ್ಲಿ ಒಣಗಿದರೆ ಸಿಮೆಂಟಿನಂತೆ ಗಟ್ಟಿ. ಇದು ತಳವನ್ನೂ ಕಾಯುತ್ತದೆ, ಹಾಗಾಗಿ ಲೆಜೆಂಡ್ ಕೊಂಡವರಿಗೆ ಕಡ್ಡಾಯ ಅಂದರೂ ನಡೆದೀತು. ಒಳಗೋಡೆಗೆ ಜೇನುತುಪ್ಪ ಸವರುವ ಪದ್ಧತಿಯೂ ಇದೆ. ಅದು ಬೇಡ; ಸಕ್ಕರೆ ಸುಟ್ಟ ವಾಸನೆ ಬಿಟ್ಟರೆ ಲಾಭ ಕಾಣದು.

ಶ್ಯಾಂಕಿನ ಒಳಗೆ 6 ಮಿ.ಮೀ. ಫಿಲ್ಟರ್‌ಗೆ ಜಾಗವಿದೆ. ಪೈಪಿನ ಜೊತೆ ಒಂದು ಕಾಗದದ ಫಿಲ್ಟರ್ ಕೂರಿಸಿಯೇ ಕೊಡುತ್ತಾರೆ. ಅದನ್ನು ಕಿತ್ತೆಸೆದು ಸೇದುವವರು ಬಹಳ. ಅದರ ಫಲವೂ ಗೊತ್ತಿರಬೇಕು. ಫಿಲ್ಟರ್ ಇಲ್ಲದಾಗ ಅಲ್ಲಿ ಖಾಲಿ ಕೋಣೆಯೊಂದು ಉಳಿಯುತ್ತದೆ. ಬಿಸಿ ಹೊಗೆ ಅಲ್ಲಿ ಹರಡಿ ತಣ್ಣಗಾಗಿ ನೀರು ಬಿಡುತ್ತದೆ, ದಿಂಡಿನ ಒಣಗುಣ ಅಷ್ಟರಮಟ್ಟಿಗೆ ವ್ಯರ್ಥ. ಫಿಲ್ಟರ್ ಇಟ್ಟರೆ ಎಳೆತ ಸ್ವಲ್ಪ ಬಿಗಿ, ರುಚಿ ಸ್ವಲ್ಪ ಸಪ್ಪೆ, ಆದರೆ ನಾಲಿಗೆಗೆ ನೀರು ಹಾರುವುದಿಲ್ಲ. ಒಂದೆರಡು ಸಲಕ್ಕೆ ಬದಲಿಸಬೇಕು. ಒದ್ದೆಯಾದ ಕಾಗದ ಊದಿಕೊಂಡು ದಾರಿ ಕಟ್ಟುತ್ತದೆ. ನಡುವಿನ ದಾರಿಯೂ ಉಂಟು: ಪೈಪ್ ಕ್ಲೀನರ್‌ನ ನಾಲ್ಕು ಸೆಂ.ಮೀ. ತುಂಡನ್ನು ಒಮ್ಮೆ ಮಡಚಿ ಆ ಕೋಣೆಯಲ್ಲಿ ಇಡುವುದು. ಎಳೆತ ಸಡಿಲವಾಗಿಯೇ ಇರುತ್ತದೆ, ನೀರನ್ನು ಹತ್ತಿ ಹೀರುತ್ತದೆ, ಖರ್ಚು ಇಲ್ಲವೆಂದೇ ಹೇಳಬಹುದು. ದಿನದ ಬಳಕೆಗೆ ನಮ್ಮ ಮತ ಇದಕ್ಕೇ. ಫಿಲ್ಟರ್ ಇಟ್ಟರೆ ಹೊಗೆ ನಿರಪಾಯಿ ಆಗುತ್ತದೆ ಎಂದು ಮಾತ್ರ ಯಾರೂ ನಂಬಬಾರದು.

ಈ ಪೈಪಿನ ಬಡತನ ಎದ್ದು ಕಾಣುವುದು ಸ್ಟೆಮ್‌ನಲ್ಲಿ, ಅಂದರೆ ಬಾಯಲ್ಲಿ ಹಿಡಿಯುವ ಕೊಳವೆಯಲ್ಲಿ. ಅಚ್ಚಿಗೆ ಎರಕ ಹೊಯ್ದ ಪ್ಲಾಸ್ಟಿಕ್. ಎರಡೂ ಬದಿಗೆ ಅಚ್ಚಿನ ಗೆರೆ ಕೈಗೆ ತಾಗುತ್ತದೆ. ತುಟಿಗೆ ಚುಚ್ಚಿದರೆ 400 ನಂಬರ್ ಪಾಲಿಶ್ ಪೇಪರ್‌ನಿಂದ ಶುರು ಮಾಡಿ 1000ದಲ್ಲಿ ಮುಗಿಸಿ ಉಜ್ಜಿದರೆ ಸಾಕು. ಹಲ್ಲಿನ ಗುರುತು ಬೇಗ ಬೀಳುತ್ತದೆ. ಕಚ್ಚುವ ಅಭ್ಯಾಸದವರು ರಬ್ಬರ್ ಟೋಪಿ ಹಾಕಿಕೊಳ್ಳಲಿ. ನೇರ ಮತ್ತು ಬಾಗಿದ ಎರಡೂ ಸಿಗುತ್ತವೆ. ಬಾಗಿದ್ದು ಹಲ್ಲಿನಲ್ಲಿ ಕೂರಲು ಹಿತ, ಆದರೆ ಸೇದುತ್ತಿರುವಾಗಲೇ ಪೈಪ್ ಕ್ಲೀನರ್ ತೂರಿಸಬೇಕೆಂದರೆ ನೇರವಾದದ್ದೇ ಅನುಕೂಲ. ಇದೇ ಪೈಪಿಗೆ ಹೊಂದುವ ಅಕ್ರಿಲಿಕ್ ಸ್ಟೆಮ್‌ಗಳನ್ನು ಬೇರೆಯವರು ಮಾಡಿ ಮಾರುತ್ತಾರೆ. ಪೈಪಿಗಿಂತ ಸ್ಟೆಮ್‌ಗೇ ಹೆಚ್ಚು ದುಡ್ಡು. ಬಟ್ಟಲು ಸವೆದು ಹೋದರೂ ಅದು ಮುಂದಿನ ಬಟ್ಟಲಿಗೆ ಬರುತ್ತದೆ, ಆದ್ದರಿಂದ ಪ್ಲಾಸ್ಟಿಕ್‌ನ ರುಚಿ ತೀರಾ ಹಿಡಿಸದವರಿಗೆ ಲೆಕ್ಕ ಕೂಡಿಬರಬಹುದು. ಉಳಿದವರಿಗೆ ಬೇಕಿಲ್ಲ.

ತಂಬಾಕಿನ ಆಯ್ಕೆಯಲ್ಲಿ ದಿಂಡಿಗೂ ಬರ್ಲಿ ಎಂಬ ಬಗೆಯ ತಂಬಾಕಿಗೂ ಹಳೆಯ ನಂಟು. ಬರ್ಲಿಯನ್ನು ನೆರಳಿನ ಗಾಳಿಯಲ್ಲಿ ಒಣಗಿಸುವುದರಿಂದ ಎಲೆಯಲ್ಲಿ ಸಕ್ಕರೆ ಉಳಿಯುವುದಿಲ್ಲವೆನ್ನುವಷ್ಟು ಕಡಿಮೆ. ಉರಿ ನಿಧಾನ, ನಾಲಿಗೆಗೆ ಚುರುಕು ಕಡಿಮೆ. 1907ರಿಂದ ಮಾರುಕಟ್ಟೆಯಲ್ಲಿರುವ ಪ್ರಿನ್ಸ್ ಆಲ್ಬರ್ಟ್, ಅದರ ಜೊತೆಗೆ ಕಾರ್ಟರ್ ಹಾಲ್, ಇವೆಲ್ಲ ಅಮೆರಿಕದ ಔಷಧಿ ಅಂಗಡಿಗಳ ಕಪಾಟಿನ ಬರ್ಲಿ ಪ್ರಧಾನ ತಂಬಾಕುಗಳು. ಈ ಪೈಪಿಗೆ ಇವು ಹೇಳಿ ಮಾಡಿಸಿದಂತಿವೆ. ವರ್ಜೀನಿಯಾ ಬೇರೆ ಜಾತಿ. ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಬಿಸಿಗಾಳಿಗೆ ಹದ ಮಾಡುವ ಎಲೆ ಅದೇ. ಆ ಹದದಲ್ಲಿ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ರುಚಿ ಸಿಹಿ, ಆದರೆ ಅವಸರದಲ್ಲಿ ಎಳೆದರೆ ನಾಲಿಗೆ ಸುಡುತ್ತದೆ. ದಿಂಡಿನ ಸಡಿಲ ಗಾಳಿದಾರಿ ಅವಸರಕ್ಕೆ ಕುಮ್ಮಕ್ಕು ಕೊಡುವುದರಿಂದ ವರ್ಜೀನಿಯಾ ಇದರಲ್ಲಿ ತಾಳ್ಮೆ ಇದ್ದವರಿಗೆ ಮಾತ್ರ. ವೆನಿಲಾ, ಚೆರ್ರಿ ಪರಿಮಳದ ಮಿಶ್ರಣಗಳು ಒಣಗದಿರಲೆಂದು ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುತ್ತಾರೆ. ಡಬ್ಬಿಯಿಂದ ತೆಗೆದು ನೇರ ತುಂಬಿದರೆ ಗೊರಗೊರ ಗ್ಯಾರಂಟಿ. ಕಾಗದದ ಮೇಲೆ ಹರಡಿ ಅರ್ಧ ಗಂಟೆ ಬಿಡಿ, ಮಳೆಗಾಲವಾದರೆ ಒಂದು ಗಂಟೆ. ಚಿಟಿಕೆ ಹಿಡಿದು ಒತ್ತಿ ಬಿಟ್ಟಾಗ ಮುದ್ದೆ ಕಟ್ಟದೆ ನಿಧಾನವಾಗಿ ಬಿಚ್ಚಿಕೊಳ್ಳಬೇಕು. ಪುಡಿಯಾದರೆ ಅತಿಯಾಗಿ ಒಣಗಿದೆ ಎಂದು. ಅಂದಹಾಗೆ, ಅಮೆರಿಕದಿಂದ ಬರುವವರ ಕೈಲಿ ತರಿಸುವವರಿಗೆ: ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ 125 ಗ್ರಾಂ ತಂಬಾಕು, ಅದೂ ಜೊತೆಗೆ ಸಿಗರೇಟು ಇಲ್ಲದಿದ್ದರೆ.

ತುಂಬುವುದು ಮೂರು ಸಲಕ್ಕೆ. ಮೊದಲ ಸಲ ಬಾಯಿತನಕ ಉದುರಿಸಿ ಬಟ್ಟಲನ್ನು ಒಮ್ಮೆ ತಟ್ಟಿ, ಬೆರಳು ಸೋಕಿದಷ್ಟೇ ಒತ್ತಿ, ಅರ್ಧಕ್ಕೆ ಇಳಿಯುತ್ತದೆ. ಮತ್ತೆ ಬಾಯಿತನಕ ಉದುರಿಸಿ ಸ್ವಲ್ಪ ಜೋರಾಗಿ ಒತ್ತಿದರೆ ಮುಕ್ಕಾಲಿಗೆ ಬರುತ್ತದೆ. ಮೂರನೆಯದನ್ನು ಗುಡ್ಡೆ ಮಾಡಿ ಅಂಚಿಗಿಂತ ಎರಡು ಮೂರು ಮಿ.ಮೀ. ಕೆಳಗೆ ನಿಲ್ಲುವಂತೆ ಅದುಮಿ. ಬೆರಳಿಗೆ ಸ್ಪ್ರಿಂಗ್‌ನಂತೆ ಹಿಂದೆ ತಳ್ಳಬೇಕು. ಈಗ ಬೆಂಕಿ ಹಚ್ಚದೆ ಒಂದು ಸಲ ಎಳೆದು ನೋಡಿ. ಗಾಳಿ ಸಲೀಸಾಗಿ ಬರಬೇಕು, ತೀರಾ ಖಾಲಿ ಅನಿಸಲೂ ಬಾರದು. ಬಿಗಿ ಅನಿಸಿದರೆ ಸುರಿದು ಮತ್ತೆ ತುಂಬುವುದೇ ಸರಿ. ಕಡ್ಡಿಯಿಂದ ತಿವಿದು ದಾರಿ ಮಾಡಿದರೆ ಬೆಂಕಿ ಆ ತೂತಿನಲ್ಲೇ ಕೆಳಕ್ಕೆ ಓಡಿ ಒಂದೇ ಮಗ್ಗುಲು ಸುಡುತ್ತದೆ. ತೀರಾ ಪುಡಿ ತಂಬಾಕಾದರೆ ತಳದಲ್ಲಿ ನಾಲ್ಕು ಉದ್ದ ಎಳೆ ಅಡ್ಡ ಹಾಕಿ, ಇಲ್ಲವಾದರೆ ಸಡಿಲ ಗಾಳಿದಾರಿಯಿಂದ ಪುಡಿ ಬಾಯಿಗೆ ಬರುತ್ತದೆ.

ಹಚ್ಚಲು ಬೆಂಕಿಕಡ್ಡಿ ಅಥವಾ ಸಾಧಾರಣ ಗ್ಯಾಸ್ ಲೈಟರ್. ಜ್ವಾಲೆ ಚಿಮ್ಮುವ ಟಾರ್ಚ್ ಲೈಟರ್ ಮುಟ್ಟಲೇಬೇಡಿ, ದಿಂಡಿನ ಅಂಚು ಒಂದೇ ಸಲಕ್ಕೆ ಕಪ್ಪಾಗಿ ತುಂಡಾಗುತ್ತದೆ. ಕಡ್ಡಿ ಗೀರಿದ ಮೇಲೆ ಮದ್ದು ಉರಿದು ಹೋಗಲಿ, ಬಳಿಕ ಜ್ವಾಲೆಯನ್ನು ತಂಬಾಕಿನ ಮೇಲೆ ವೃತ್ತಾಕಾರವಾಗಿ ಆಡಿಸುತ್ತಾ ಮೆಲ್ಲಗೆ ಎಳೆಯಿರಿ. ಮೇಲ್ಮೈ ಉಬ್ಬಿ ಎದ್ದುಬರುತ್ತದೆ. ಅದನ್ನು ತಂಬಾಕು ಒತ್ತುವ ಟ್ಯಾಂಪರ್‌ನಿಂದ ಸಮ ಮಾಡಿ ಮತ್ತೊಮ್ಮೆ ಹಚ್ಚಿ. ನಿಜವಾದ ಉರಿ ಈ ಎರಡನೆಯದು. ಆಮೇಲೆ ಬೂದಿಯ ಭಾರವಷ್ಟೇ ಕೆಂಡದ ಮೇಲೆ ಬೀಳುವಂತೆ ಆಗಾಗ ಸಮಮಾಡಿದರೆ ಸಾಕು. ಟ್ಯಾಂಪರ್‌ಗೆ ಮಡಚುವ ಮೂರು ಅಲಗಿನ ಅಗ್ಗದ ಉಪಕರಣವೇ ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ದುಡ್ಡು ಸುರಿಯಬೇಕಿಲ್ಲ. ಬಟ್ಟಲನ್ನು ಕೆನ್ನೆಗೆ ತಾಗಿಸಿದಾಗ ತಾಳಲಾಗದಷ್ಟು ಬಿಸಿ ಇದ್ದರೆ ಕೆಳಗಿಟ್ಟುಬಿಡಿ. ಆರಿಹೋದರೆ ಮತ್ತೆ ಹಚ್ಚಬಹುದು. ಆರದಿರಲೆಂದು ಬಿಡದೆ ಎಳೆಯುವುದೇ ನಾಲಿಗೆ ಉರಿಗೂ ತಳ ಸುಡುವುದಕ್ಕೂ ಮೊದಲ ಕಾರಣ. ದಿಂಡು ಬಿಸಿಯನ್ನು ಹೊರಗೆ ಬೇಗ ತೋರಿಸುವುದಿಲ್ಲ, ಕೈಗೆ ಬಿಸಿ ತಾಗುವ ಹೊತ್ತಿಗೆ ಒಳಗೆ ಆಗಲೇ ಮಿತಿಮೀರಿರುತ್ತದೆ.

ಸೇದಿ ಮುಗಿದ ಮೇಲೆ ಬೂದಿಯನ್ನು ಅಂಗೈಗೋ ಕಾರ್ಕ್‌ಗೋ ತಟ್ಟಿ ಬೀಳಿಸಿ. ಕಲ್ಲಿಗೆ, ಮೇಜಿನ ಅಂಚಿಗೆ ಬಡಿದರೆ ಶ್ಯಾಂಕ್ ಅಲುಗುತ್ತದೆ. ಪೈಪು ತಣ್ಣಗಾಗುವವರೆಗೆ ಸ್ಟೆಮ್ ಕೀಳಬೇಡಿ. ಕೀಳುವಾಗ ಒಂದು ಕೈಯಲ್ಲಿ ಶ್ಯಾಂಕನ್ನೇ ಹಿಡಿದಿರಬೇಕು, ಬಟ್ಟಲನ್ನಲ್ಲ. ಬಟ್ಟಲು ಹಿಡಿದು ಸ್ಟೆಮ್ ಎಳೆದರೆ ಶ್ಯಾಂಕೇ ಕಿತ್ತು ಬರುವುದುಂಟು, ಯಾಕೆಂದರೆ ಅದು ನಿಂತಿರುವುದು ಅಂಟಿನ ಮೇಲೆ. ಪೈಪ್ ಕ್ಲೀನರ್ ಒಂದು ಸ್ಟೆಮ್‌ಗೆ, ಒಂದು ಶ್ಯಾಂಕ್‌ಗೆ. ಬಟ್ಟಲಿನ ಒಳಗೆ ಕಾಗದದ ಕರವಸ್ತ್ರದ ತುಂಡು ತಿರುವಿ ತೆಗೆಯಿರಿ. ಸ್ಟೆಮ್ಮನ್ನು ಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ತೊಳೆಯಬಹುದು. ಬಟ್ಟಲಿಗೆ ಮಾತ್ರ ನೀರು ಸೋಕಬಾರದು. ದಿಂಡು ಊದುತ್ತದೆ, ಅಂಟು ಬಿಡುತ್ತದೆ, ಹೊರಗಿನ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಬ್ರೈಯರ್‌ಗೆ ಮಾಡುವ ಉಪ್ಪು ಮತ್ತು ಆಲ್ಕೋಹಾಲಿನ ಉಪಚಾರವೂ ಇದೇ ಕಾರಣಕ್ಕೆ ದಿಂಡಿಗೆ ಒಗ್ಗದು. ಹುಳಿ ವಾಸನೆ ಎದ್ದಿದ್ದರೆ ಶ್ಯಾಂಕಿನೊಳಗೆ ಕಡು ಮದ್ಯದಲ್ಲಿ ತುಸುವೇ ನೆನೆಸಿದ ಕ್ಲೀನರ್ ಆಡಿಸಿ, ಮೂರು ನಾಲ್ಕು ದಿನ ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ ಬಿಚ್ಚಿಡಿ. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಒಳಗೆ ಕಟ್ಟುವ ಕರಿಯ ಪದರದ ಬಗ್ಗೆ ಬ್ರೈಯರ್‌ನವರ ಲೆಕ್ಕ ಇಲ್ಲಿ ಬೇಡ. ಅಲ್ಲಿ ಒಂದೂವರೆ ಮಿ.ಮೀ.ವರೆಗೆ ಬೆಳೆಸುತ್ತಾರೆ. ದಿಂಡಿನ ಗೋಡೆ ಮೆತ್ತಗಿರುವುದರಿಂದ ದಪ್ಪ ಪದರ ಬಿಸಿಗೆ ಹಿಗ್ಗಿದಾಗ ಗೋಡೆಯನ್ನೇ ಸೀಳುತ್ತದೆ. ಕಾಗದದಷ್ಟು ಇದ್ದರೆ ಸಾಕು. ಹೆಚ್ಚಾದರೆ ಮೊಂಡು ಅಲಗಿನಿಂದ ಕೆರೆಯಿರಿ. ಬ್ರೈಯರ್‌ಗೆ ಬಳಸುವ ರೀಮರ್ (ಪದರ ಕೆರೆದು ತೆಗೆಯುವ ಉಪಕರಣ) ತಿರುವಿದರೆ ಶ್ಯಾಂಕಿನ ಒಳತುದಿಗೆ ಸಿಕ್ಕಿಕೊಂಡು ಅದನ್ನೇ ಮುರಿಯುತ್ತದೆ.

ಮಂಗಳೂರು, ಶಿರಸಿ, ಮಡಿಕೇರಿಯಂಥ ಮಳೆ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿಂಡಿನ ಪೈಪಿಗೆ ಬೂಷ್ಟು ಹಿಡಿಯುವ ಭಯವಿದೆ. ತೇವ ಹೀರುವುದೇ ಅದರ ಗುಣವಾದ್ದರಿಂದ ಗಾಳಿಯ ತೇವವನ್ನೂ ಹೀರುತ್ತದೆ. ಸೇದಿದ ಕೂಡಲೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚುವುದು ಬೂಷ್ಟಿಗೆ ಊಟ ಬಡಿಸಿದಂತೆ. ಒಂದು ರಾತ್ರಿ ಬಾಯಿ ತೆರೆದಿಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣವಿರುವ ಡಬ್ಬಿಗೆ ಹಾಕಿ. ಇದೇ ಹೊತ್ತಿನಲ್ಲಿ ಸ್ಟೆಮ್ ಶ್ಯಾಂಕಿಗೆ ಕಚ್ಚಿಕೊಳ್ಳುವುದೂ ಸಾಮಾನ್ಯ, ಮರ ಊದಿರುತ್ತದೆ. ಬಲವಂತ ಮಾಡದೆ ಒಂದೆರಡು ದಿನ ಒಣಗಲು ಬಿಟ್ಟು ತಿರುಗಿಸುತ್ತಾ ಎಳೆದರೆ ತಾನೇ ಬರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು: ಪೈಪು ಚೆನ್ನಾಗಿರುತ್ತದೆ, ತಂಬಾಕು ಹುಡಿಯಾಗುತ್ತದೆ. ರಬ್ಬರ್ ಉಂಗುರದ ಗಾಜಿನ ಜಾಡಿ ಅದಕ್ಕೆ ಮದ್ದು.

ರಿಪೇರಿಯ ಮಿತಿ ತಿಳಿದಿರಲಿ. ಶ್ಯಾಂಕ್ ಸಡಿಲವಾದರೆ ಹೊರಗಿನ ಕೂಡಿಕೆಗೆ ಮಾತ್ರ ಬಡಗಿಯ ಬಿಳಿ ಅಂಟು ತೆಳುವಾಗಿ ಹಾಕಿ ಒಂದು ದಿನ ಬಿಡಿ. ಬಿಸಿ ತಾಗುವ ಒಳಗಡೆ ಎಪಾಕ್ಸಿ, ಸೂಪರ್ ಗ್ಲೂ ಎಂದಿಗೂ ಬೇಡ, ಅವು ಕಾದರೆ ಬಿಡುವ ಹೊಗೆ ಬಾಯಿಗೆ ಬರುತ್ತದೆ. ಒಳಗೋಡೆಯಲ್ಲಿ ಕೂದಲೆಳೆಯ ಬಿರುಕುಗಳಿಗೆ ಹೆದರಬೇಕಿಲ್ಲ. ಹೊರಗಿನ ವಾರ್ನಿಶ್ ಒಂದೇ ಜಾಗದಲ್ಲಿ ಗುಳ್ಳೆ ಎದ್ದು, ಅದರಡಿ ಕಂದು ಕಲೆ ಹರಡುತ್ತಿದ್ದರೆ ಒಳಗಿನಿಂದ ಸುಡುತ್ತಿದೆ ಎಂದು ಅರ್ಥ. ಆಗಲೂ ಬೂದಿಯ ಮೆತ್ತಿಗೆ ಹಾಕಿ ಕೆಲವು ದಿನ ದೂಡಬಹುದು, ಅಷ್ಟೇ.

ಇದೇ ಬೆಲೆಗೆ ಬೇರೆ ಏನಿದೆ? ಅಮೆರಿಕದಲ್ಲಿರುವ ಕನ್ನಡಿಗರಿಗೆ ಉತ್ತರ ಕೆರೊಲಿನಾದ ಸ್ಪಾರ್ಟಾದಲ್ಲಿ ತಯಾರಾಗುವ ಡಾಕ್ಟರ್ ಗ್ರಾಬೋ ಬ್ರೈಯರ್ ಪೈಪು ಸಿಗುತ್ತದೆ. ಬೆಲೆ ದಿಂಡಿನದಕ್ಕಿಂತ ಎರಡು ಮೂರು ಪಟ್ಟು, ಬಾಳಿಕೆ ಅದಕ್ಕಿಂತ ಎಷ್ಟೋ ಹೆಚ್ಚು. ಒಂದೇ ಪೈಪು ಇಟ್ಟುಕೊಂಡು ದಿನಕ್ಕೆ ಒಂದೇ ಸಲ ಸೇದುವವರಿಗೆ ಅದೂ ಸರಿಯೇ. ದಿನಕ್ಕೆ ಎರಡು ಮೂರು ಸಲವಾದರೆ ಬ್ರೈಯರ್ ಒಣಗುವಷ್ಟು ಪುರುಸೊತ್ತು ಇರುವುದಿಲ್ಲ. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಮಾರುವ ಹೊಳಪು ಮರದ ಪೈಪುಗಳಲ್ಲಿ ಎಷ್ಟೋ ಅಲಂಕಾರಕ್ಕೆ ಮಾಡಿದವು. ಬಟ್ಟಲಿನೊಳಗೆ ಮೂಗಿಟ್ಟು ನೋಡಿ. ವಾರ್ನಿಶ್ ವಾಸನೆ ಬಂದರೆ, ಒಳಗೆ ತೆಳು ಲೋಹದ ತಗಡಿನ ಬಟ್ಟಲು ಕೂರಿಸಿದ್ದರೆ, ಮೈ ರಾಳದ ಎರಕದ್ದಾಗಿದ್ದರೆ ಅದಕ್ಕೆ ಬೆಂಕಿ ತೋರಿಸಬೇಡಿ.

ದಿಂಡಿನದನ್ನು ಅಂಗಡಿಯಲ್ಲಿ ಆರಿಸುವ ಅವಕಾಶ ಸಿಕ್ಕರೆ ಮೂರು ಕಡೆ ಕಣ್ಣಾಡಿಸಿ. ಬಾಯಿಯನ್ನು ಮೇಲಿನಿಂದ ನೋಡಿದಾಗ ತೂತು ನಟ್ಟ ನಡುವೆ ಇರಬೇಕು. ಒಂದು ಬದಿ ಗೋಡೆ ಆರು ಮಿ.ಮೀ.ಗಿಂತ ತೆಳುವಾದರೆ ಬಿಡಿ. ಸ್ಟೆಮ್ ಮೂಲಕ ಕ್ಲೀನರ್ ತೂರಿಸಿದರೆ ಅದು ತಳದ ಹತ್ತಿರವೇ ಮೂತಿ ತೋರಿಸಬೇಕು. ಶ್ಯಾಂಕ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ಕಟಕಟ ಅನ್ನಬಾರದು. ಪೋಸ್ಟಿನಲ್ಲಿ ತರಿಸುವವರಿಗೆ ಈ ಭಾಗ್ಯವಿಲ್ಲ. ಅವರು ಒಂದರ ಬದಲು ಎರಡು ಕಂಟ್ರಿ ಜಂಟಲ್‌ಮನ್ ತರಿಸಿ, ಚೆನ್ನಾಗಿ ಕೊರೆದದ್ದನ್ನು ದಿನಕ್ಕೆ ಇಟ್ಟುಕೊಂಡು ಇನ್ನೊಂದನ್ನು ಪರಿಮಳದ ತಂಬಾಕಿಗೆ ಮೀಸಲಿಡಬಹುದು. ಬಟ್ಟಲು ಸುಟ್ಟುಹೋದ ದಿನ ಸ್ಟೆಮ್ ಎಸೆಯದೆ ತೊಳೆದು ತೆಗೆದಿಡಿ, ಇದೇ ಮಾಡೆಲ್‌ನ ಮುಂದಿನ ಪೈಪಿಗೆ ಸಾಮಾನ್ಯವಾಗಿ ಹೊಂದುತ್ತದೆ.